ಪಡಸಾಲೆಯ ಹೂವಿನ ಬಿಲ್ಲೆ

ಬೆಳಗಿನಿಂದ ಮಂಡಿಯೂರಿ ನೆಲ ಉಜ್ಜಿ ಗುಡ್ಡಮ್ಮನ ಮಂಡಿಚಿಪ್ಪು ಊದಿಕೊಂಡಿತ್ತು. ಪಕ್ಕದಲ್ಲಿ ಅವಳ ಅತ್ತೆ ಉಚ್ಚಂಗಮ್ಮ ತೆಂಗಿನ ನಾರು ಹಿಡಿದು ಕೂತಿದ್ದಳು. ಶಿಕಾರಿಪುರದ ಸುಬ್ಬಪ್ಪ ಗೌಡರ ಪಡಸಾಲೆ ಅದು. ಅವರ ಅಜ್ಜನ ಕಾಲದಲ್ಲಿ ನೆಲಕ್ಕೆ ಹಾಸಿದ ಹೂವಿನ ಚಿತ್ತಾರದ ಬಿಲ್ಲೆಗಳು ಕೆಲವು ಅಲುಗಾಡುತ್ತಿದ್ದವು, ಉಳಿದವು ಎಣ್ಣೆ, ಹೊಗೆ ಕುಡಿದು ಕಪ್ಪಾಗಿದ್ದವು. ಚುನಾವಣೆ ಮುಗಿದದ್ದೇ ಗೌಡರು ಗೆದ್ದವರ ಕಡೆ ಸೇರಿದ್ದರು. ಮಂತ್ರಿಗಳು ಊಟಕ್ಕೆ ಬರುವವರಿದ್ದರು. ಅಷ್ಟರೊಳಗೆ ನೆಲ ಹೊಳೆಯಬೇಕಿತ್ತು.

ಗಾರೆ ಕೆಲಸದ ಲೋಕಪ್ಪ ಬಾಗಿಲ ಬಳಿಯ ಬಿಲ್ಲೆಗಳನ್ನು ಕಿತ್ತು, ಹೊಸ ಗಾರೆ ಹಾಕಿ ಮತ್ತೆ ಕೂರಿಸಿದ್ದ. ಅದಿನ್ನೂ ಹಸಿ.

"ನಾರಿಗೆಲ್ಲಾ ಹೋಗಲ್ಲ ಈ ಕಲೆ," ಎಂದು ಗೌಡರು ಒಂದು ಸೀಸೆ ತಂದಿಟ್ಟರು. "ಶಿವಮೊಗ್ಗದ ಔಷಧಿ. ಸುರ್ದು ಉಜ್ರಿ." ತಾವು ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಒತ್ತಿಕೊಂಡು ದೂರ ನಿಂತರು.

ಉಚ್ಚಂಗಮ್ಮ ಸುರಿದಳು. ಕಲೆಯ ಜೊತೆ ಹೂವಿನ ಬಣ್ಣವೂ ನೊರೆಯಾಗಿ ಎದ್ದಿತು. ಉಜ್ಜತೊಡಗಿದ್ದಳೋ ಇಲ್ಲವೋ, "ಅಯ್ಯೋ, ಸುಟ್ಟೋತು!" ಎಂದು ಚೀರಿದಳು. ಅಂಗೈಯ ಚರ್ಮ ನಾರಿಗೇ ಅಂಟಿಕೊಂಡಿತ್ತು.

"ಏನ್ರೀ ಇದು ಗೌಡ್ರೇ?" ಎಂದಳು ಗುಡ್ಡಮ್ಮ.

"ಆಸಿಡ್ಡು. ಕೈಗೆ ತಾಗಿಸ್ಬ್ಯಾಡಿ ಅಂದಿದ್ದ ಅಂಗಡಿಯೋನು."

"ಮೊದ್ಲೇ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಉಜ್ತಿದ್ರೇನೇ?"

ಗುಡ್ಡಮ್ಮ ಮೂಲೆಯಲ್ಲಿದ್ದ ತಾಮ್ರದ ಕೊಡದ ಕಡೆ ಓಡಿದಳು.

"ಏಯ್! ಮುಟ್ಬ್ಯಾಡ! ನಿಮ್ಮ ಜಾತಿಯೋರು ಮುಟ್ಟಿದ ನೀರು ನಾವು ಕುಡೀಬೇಕೇನು? ಕೆರೆಗೆ ಕರ್ಕಂಡು ಹೋಗು!"

ಕೆರೆ ಊರಾಚೆ ಇತ್ತು. ಅತ್ತೆಯ ಕೈ ಕಣ್ಣೆದುರೇ ಬೇಯುತ್ತಿತ್ತು. ಗುಡ್ಡಮ್ಮ ಕೊಡ ಎತ್ತಿ ಆ ಕೈಮೇಲೆ ಸುರಿದಳು.

"ಎಷ್ಟು ಸೊಕ್ಕು ನಿಂಗೆ! ಲೋಕಪ್ಪಾ, ಕಿತ್ಕಳೋ ಆ ಕೊಡಾನ!"

ಲೋಕಪ್ಪ ಅಷ್ಟೊತ್ತೂ ಬಾಗಿಲ ಬಳಿ ಸಂದಿಗೆ ಗಾರೆ ತುಂಬುತ್ತ ಕೂತಿದ್ದ. ಈಗ ಎದ್ದ. ಕೈಯಲ್ಲಿದ್ದ ಕರಣೆಯನ್ನು ಗಾರೆ ಬಾಂಡ್ಲಿಗೆ ಎಸೆದ.

"ನಾ ಕಿತ್ಕಳಲ್ರಿ. ಅಕ್ಕಾ, ಆಸ್ಪತ್ರಿಗೆ ನಡೀರಿ. ದಾರಿಗುಂಟ ನೀರು ಹಾಕ್ತಾ ಹೋಗನ." ಉಚ್ಚಂಗಮ್ಮನ ರಟ್ಟೆ ಹಿಡಿದು ಎಬ್ಬಿಸಿದ.

"ಹಿತ್ತಲ ಕಡೆಯಿಂದ ಹೋಗ್ರಿ! ಬಿಲ್ಲೆ ಹಸಿ ಐತೆ!" ಎಂದು ಗೌಡರು ಅರಚಿದರು.

ಅವರು ಮುಂಬಾಗಿಲಿಗೇ ನಡೆದರು. ಕಾಲಡಿಯಲ್ಲಿ ಬಿಲ್ಲೆಗಳು ಜಾರಿದವು, ಸಂದುಗಳಿಂದ ಹಸಿಗಾರೆ ಉಕ್ಕಿತು. ಉಳಿದ ನೀರಿನ ಕೊಡ ಗುಡ್ಡಮ್ಮನ ಸೊಂಟದಲ್ಲೇ ಇತ್ತು.

ಪೇಟೆ ಬೀದಿಯಲ್ಲಿ ಜನ ನೆರೆದರು. "ಏನಾತವ್ವಾ?" ಎಂದರು. ಆ ಬೀದಿಯಲ್ಲಿ ಗುಡ್ಡಮ್ಮ ಎಂದೂ ದನಿ ಎತ್ತಿದವಳಲ್ಲ. ನಡೆಯುತ್ತಲೇ ಅತ್ತೆಯ ಬೆಂದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಸುಬ್ಬಪ್ಪ ಸುಟ್ಟ!" ಎಂದು ಕೂಗಿದಳು. "ಗೊತ್ತಿದ್ದೂ ಸುಟ್ಟ!"