ಗೆದ್ದ ಗಾಡಿಯ ಕ್ಲಾಂಪು

ನನ್ನ ತಂಗಿಯ ಗಾಡಿಯ ಹಿಂಬಾಗಿಲು ತೆಗೆದರೆ ಮೂಗು ಮುಚ್ಚಿಕೊಂಡೇ ನಿಲ್ಲಬೇಕಿತ್ತು. ಕೊಳೆತ ಮೊಟ್ಟೆಯ ವಾಸನೆ ಅಂದರೆ ಸಾಮಾನ್ಯ ವಾಸನೆಯಲ್ಲ. ಅದು ಸೀಟಿನ ಹೊಲಿಗೆಯೊಳಗೆ ಇಳಿದು, ಬಾಗಿಲಿನ ರಬ್ಬರಿನ ಸಂದಿಯಲ್ಲಿ ಕೂತುಬಿಟ್ಟರೆ ಸೋಪಿಗೂ ಜಗ್ಗುವುದಿಲ್ಲ, ಫಿನಾಯಿಲಿಗೂ ಜಗ್ಗುವುದಿಲ್ಲ. ಪಾಪದವಳು ಬಿಡುವು ಸಿಕ್ಕಾಗಲೆಲ್ಲ ಬಕೆಟ್ಟು ಹಿಡಿದು ತಿಕ್ಕುತ್ತಿರುತ್ತಿದ್ದಳು. ಅಂಗಡಿ, ಹಾಸ್ಟೆಲ್ಲು, ಬೇಕರಿಗಳಿಗೆ ಮೊಟ್ಟೆ ಹಾಕುವುದು ಅವಳ ಕಸುಬು. ಆ ಮೊಟ್ಟೆಗಳು ದಾರಿಯಲ್ಲೇ ಒಡೆಯುವ ಹಾಗೆ ಮಾಡಿದವನು ಅವಳ ಗಂಡ.

ಅವನಿಗೆ ಎಲ್ಲರೂ ರಾಕೆಟ್ ಅನ್ನುತ್ತಾರೆ. ಆ ಹೆಸರನ್ನು ಅವನೇ ಇಟ್ಟುಕೊಂಡದ್ದು. ನಾಚಿಕೆ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ. ಪ್ರತಿ ಭಾನುವಾರ ಊರಾಚೆಯ ಪಾಳುಬಿದ್ದ ರಸ್ತೆಯಲ್ಲಿ ಡ್ರ್ಯಾಗ್ ರೇಸು. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ, ಸಿಳ್ಳೆ ಹೊಡೆದ ಕೂಡಲೇ ನೆಟ್ಟಗೆ ನುಗ್ಗುತ್ತವೆ, ಉಸಿರು ಬಿಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಉಳಿದದ್ದೆಲ್ಲ ಟೈರು ಸುಟ್ಟ ಹೊಗೆ, ಉಗುಳು, ಬೆನ್ನು ತಟ್ಟಿಕೊಳ್ಳುವ ಗಂಡಸರು. ಒಂದು ಸಲ ಹೋಗಿ ನೋಡಿ ಬಂದೆ, ಸಾಕಪ್ಪಾ ಸಾಕು ಅನ್ನಿಸಿತು.

ಆದರೆ ತಂಗಿ ವಾರವಿಡೀ ಮೊಟ್ಟೆ ಸಾಗಿಸುವ ಅದೇ ಗಾಡಿಯನ್ನು ರೇಸಿಗೆ ಸಿದ್ಧ ಮಾಡಿಕೊಟ್ಟವನು ನಾನೇ. ನನ್ನದು ಕಮಾನು ಪಟ್ಟಿಯ ಕೆಲಸ. ಗಾಡಿಯ ಹಿಂದಿನ ಆಕ್ಸಲಿಗೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಅವನ್ನು ಬಿಚ್ಚಿ, ಬಾಗಿಸಿ, ಕೂರಿಸುವುದು. ರೇಸಿನಲ್ಲಿ ಎಕ್ಸಲರೇಟರ್ ತುಳಿದ ಕ್ಷಣ ಆಕ್ಸಲು ತಿರುಚಿಕೊಳ್ಳುತ್ತದೆ, ಪಟ್ಟಿ ಸೊಟ್ಟಗಾಗಿ ಚಕ್ರ ಕುಣಿಯುತ್ತದೆ, ಹಿಡಿತ ತಪ್ಪುತ್ತದೆ. ಅದಕ್ಕೇ ಪಟ್ಟಿಗಳ ಮುಂದಿನ ಅರ್ಧವನ್ನು ಕ್ಲಾಂಪು ಹಾಕಿ ಬಿಗಿಯಬೇಕು, ಹಿಂದಿನ ಅರ್ಧವನ್ನು ಸಡಿಲ ಬಿಡಬೇಕು. ಬಲಗಡೆಯ ಚಕ್ರ ಮೇಲೇಳದಿರಲಿ ಅಂತ ಆ ಕಡೆಗೆ ಒಂದು ಗಿಡ್ಡ ಪಟ್ಟಿಯನ್ನೂ ಹೆಚ್ಚಿಗೆ ಸೇರಿಸಿದೆ. ಆದರೆ ಅದೇ ಕ್ಲಾಂಪು ದಿನನಿತ್ಯದ ರಸ್ತೆಗೆ ಆಗಿಬರುವುದಿಲ್ಲ. ಪಟ್ಟಿಗಳು ಒಂದರ ಮೇಲೊಂದು ಜಾರಿದರೆ ತಾನೇ ಮೆತ್ತಗೆ? ಬಿಗಿದಿಟ್ಟರೆ ಪ್ರತಿ ಗುಂಡಿಯೂ ನೇರವಾಗಿ ಬೆನ್ನಿಗೆ ಬಂದು ಗುದ್ದುತ್ತದೆ.

"ಭಾನುವಾರ ಬೆಳಿಗ್ಗೆ ಬಿಗಿ, ಸಂಜೆ ಬಿಚ್ಚು," ಅಂತ ಅವನಿಗೆ ಬಿಡಿಸಿ ಹೇಳಿದ್ದೆ. ಮಲಗಿಕೊಂಡು ನಾಲ್ಕು ಬೋಲ್ಟು ತಿರುವುವ ಕೆಲಸ. "ಅಷ್ಟೇನಾ ಭಾವ? ಕಣ್ಮುಚ್ಚಿ ಮಾಡ್ತೀನಿ," ಅಂದಿದ್ದ. ಕ್ಲಾಂಪಿಗೆ ಬೆಳ್ಳಿಯಂತೆ ಹೊಳೆಯುವ ಲೇಪ ಬೇರೆ ಹಾಕಿಸಿಕೊಂಡ, ಸೋಗಲಾಡಿ.

ಹಾಳಾದವನು ಒಂದು ಭಾನುವಾರ ಗೆದ್ದುಬಿಟ್ಟ. ಆವತ್ತೇ ಶುರುವಾಯಿತು ನೋಡಿ. ಆ ರೇಸಿನವರಲ್ಲಿ ಒಂದು ಮೂಢನಂಬಿಕೆ ಇದೆಯಂತೆ: ಗೆದ್ದ ಗಾಡಿಯ ಬೋಲ್ಟು ಬಿಚ್ಚಬಾರದು, ಮುಂದೆ ಸೋಲುವವರೆಗೂ ಹಾಗೇ ಇರಬೇಕು. ಬಿಚ್ಚಿದರೆ ಅದೃಷ್ಟ ಹೋಯಿತು. ಹೀಗಾಗಿ ಸೋಮವಾರದಿಂದ ಶನಿವಾರದವರೆಗೆ ನನ್ನ ತಂಗಿ ಗೆದ್ದ ಗಾಡಿಯಲ್ಲಿ ಮೊಟ್ಟೆ ಸಾಗಿಸಿದಳು. ಮುಂದಿನ ವಾರವೂ ಗೆದ್ದ. ಅದರ ಮುಂದಿನ ವಾರವೂ ಗೆದ್ದ. ಇವನು ಗೆದ್ದಷ್ಟೂ ಇವಳ ಗಿರಾಕಿಗಳು ಕಳಚಿಕೊಂಡರು. ಬೇಕರಿಯವನು ಬೇಡ ಅಂದ, ಹಾಸ್ಟೆಲ್ಲಿನವರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದರು.

"ಅವನಿಗೆ ಬುದ್ಧಿ ಹೇಳು," ಅಂದರೆ, "ಬಿಡಣ್ಣ, ಮಗು ಥರ ಅವ್ರು. ಗೆದ್ದಾಗ ಅವರ ಮುಖ ನೋಡ್ಬೇಕು ನೀನು," ಅಂತ ನನಗೇ ತಿರುಗಿ ಹೇಳುತ್ತಿದ್ದಳು. ಮಗುವಂತೆ! ಮೀಸೆ ಬಂದ ಮಗು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಉಳಿದದ್ದು ಆಸ್ಪತ್ರೆಯ ಅಡುಗೆಮನೆ ಒಂದೇ. ದೊಡ್ಡ ಗಿರಾಕಿ, ಅದೂ ಹೋದರೆ ಅವಳ ಕಸುಬೇ ಮುಗಿಯಿತು. ಅಲ್ಲಿನ ಉಸ್ತುವಾರಿ ಹೆಂಗಸು ಕೆಟ್ಟವಳಲ್ಲ, ಆದರೆ ಕಟ್ಟುನಿಟ್ಟು. "ರೋಗಿಗಳಿಗೆ ಕೊಡೋದಮ್ಮ ಇದು. ಬಿರುಕು ಬಿಟ್ಟಿದ್ದನ್ನ ನಾನು ಹೇಗೆ ತಗೊಳ್ಳಲಿ? ಶುಕ್ರವಾರದ ಲೋಡ್ ನೋಡ್ತೀನಿ. ಅದೂ ಹೀಗೇ ಬಂದ್ರೆ ಬೇರೆಯವರಿಗೆ ಹೇಳ್ಬೇಕಾಗುತ್ತೆ," ಅಂದಳು.

ತಂಗಿ ಗುರುವಾರ ಬೆಳಿಗ್ಗೆ ಗಾಡಿ ತಂದು ನನ್ನ ವರ್ಕ್‌ಶಾಪಿನ ಮುಂದೆ ನಿಲ್ಲಿಸಿದಳು. "ಅಣ್ಣ, ದಮ್ಮಯ್ಯ ಅಂತೀನಿ, ಬಿಚ್ಚಿಬಿಡು. ನಾನು ಅವರಿಗೆ ಹೇಳ್ಕೋತೀನಿ," ಅಂದಳು. ನಾನು ಜ್ಯಾಕು ಎಳೆದುಕೊಳ್ಳುವಷ್ಟರಲ್ಲಿ ರಾಕೆಟ್ ಬಂದ. ಯಾರು ಸುದ್ದಿ ಮುಟ್ಟಿಸಿದರೋ.

"ಭಾವ, ಕೈ ತೆಗೀರಿ. ನನ್ನ ಗಾಡಿ. ಬಿಚ್ಚೋದಾದ್ರೆ ನಾನೇ ಬಿಚ್ತೀನಿ."

"ಯಾವಾಗಪ್ಪಾ? ನಿನ್ನ ಹೆಂಡ್ತಿ ಬೀದಿಗೆ ಬಂದ್ಮೇಲಾ?"

"ಇವತ್ತೇ ಬಿಚ್ತೀನಿ. ಅವಳಿಗಿಂತ ನನಗೆ ರೇಸ್ ಹೆಚ್ಚಾ? ನನ್ನನ್ನ ಏನಂದ್ಕೊಂಡಿದೀರಿ?" ಅಂದ. ಕಣ್ಣಲ್ಲಿ ನೀರು ಬೇರೆ ತಂದುಕೊಂಡ. ತಂಗಿ ಕರಗಿಹೋದಳು. ಅವನ ತೋಳು ಹಿಡಿದುಕೊಂಡೇ ಗಾಡಿ ಹತ್ತಿದಳು.

ಸಂಜೆ ಅವಳೇ ಫೋನ್ ಮಾಡಿದಳು. ದನಿಯಲ್ಲಿ ಹಬ್ಬ. "ಅಣ್ಣ, ಮಧ್ಯಾಹ್ನವೆಲ್ಲ ಗಾಡಿ ಕೆಳಗೇ ಇದ್ರು, ಊಟಕ್ಕೂ ಏಳ್ಲಿಲ್ಲ. ನಾನೇ ಬಗ್ಗಿ ನೋಡ್ದೆ. ಆ ಹೊಳೆಯೋದು ಒಂದೂ ಇಲ್ಲ. ನೀನು ಸುಮ್ಸುಮ್ನೆ ಅವರ ಮೇಲೆ ಹರಿಹಾಯ್ತೀಯ." ಆಗಲಿ ತಾಯಿ, ನನ್ನದೇ ತಪ್ಪು ಅಂದೆ. ನಾಲ್ಕು ಬೋಲ್ಟಿಗೆ ಮಧ್ಯಾಹ್ನವೆಲ್ಲ ಯಾಕೆ ಬೇಕಾಯಿತು ಅನ್ನುವುದು ನನ್ನ ಮರಮಂಡೆಗೆ ಹೊಳೆಯಲಿಲ್ಲ.

ಶುಕ್ರವಾರ ಟ್ರೇ ಇಳಿಸಲು ಕೈಜೋಡಿಸುತ್ತೇನೆಂದು ನಾನೂ ಹೋದೆ. ಅವಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಹಾಡು ಗುನುಗುತ್ತ ಗಾಡಿ ಓಡಿಸುತ್ತಿದ್ದಳು. ಮಾರುಕಟ್ಟೆ ದಾಟಿದ ಮೇಲೆ ರಸ್ತೆ ಕಿತ್ತುಹೋಗಿದೆ. ಮೊದಲನೆಯ ಗುಂಡಿಗೆ ಗಾಡಿ ಇಳಿದದ್ದೇ ತಡ, ನನ್ನ ಬೆನ್ನುಹುರಿಗೆ ಗೊತ್ತಾಯಿತು. ಹಿಂದಿನಿಂದ ಕರಕ್ ಅಂತ ಸದ್ದು. ಅವಳ ಹಾಡು ನಿಂತಿತು.

"ರಸ್ತೆ ಕೆಟ್ಟಿದೆ," ಅಂದಳು, ನಾನು ಕೇಳದೇ ಇದ್ದರೂ.

"ನಿಲ್ಸು."

"ಅಣ್ಣ, ಹೊತ್ತಾಗುತ್ತೆ..."

"ನಿಲ್ಸು ಅಂದ್ರೆ ನಿಲ್ಸು!"

ರಸ್ತೆ ಬದಿಯ ಮಣ್ಣಿನಲ್ಲೇ ಅಂಗಾತ ಮಲಗಿ ಗಾಡಿಯ ಕೆಳಗೆ ತೂರಿದೆ. ಕಣ್ಣಿಗೆ ಏನೂ ಕಾಣಿಸಲಿಲ್ಲ. ಪಟ್ಟಿಯೆಲ್ಲ ಒಂದೇ ಕಪ್ಪು. ಕೈಯಿಟ್ಟೆ. ಬೆರಳು ಅಂಟಿಕೊಂಡಿತು. ಹಸಿ ಬಣ್ಣ! ಅದರಡಿ ಕ್ಲಾಂಪಿನ ಮೂಲೆ, ಬೋಲ್ಟಿನ ತಲೆ, ಎಲ್ಲ ಎಲ್ಲಿತ್ತೋ ಅಲ್ಲೇ. ಬಿಚ್ಚಲಾರದ ಭೂಪ ಅವಕ್ಕೆ ಕಪ್ಪು ಬಣ್ಣ ಬಳಿದಿದ್ದ. ಹೊಳೆಯುವ ಲೇಪದ ಮೇಲೆ ಬಣ್ಣ ನಿಲ್ಲುವುದಿಲ್ಲವೆಂದು ಮೊದಲು ಮರಳು ಕಾಗದ ಹಾಕಿ ತಿಕ್ಕಿದ್ದ, ಆಮೇಲೆ ಸಂದಿಗೊಂದಿ ಬಿಡದೆ ಬ್ರಶ್ಶು ಆಡಿಸಿದ್ದ, ಮಣ್ಣು ಉದುರಿಸಿ ಹಳೆಯದರಂತೆ ಕಾಣಿಸಿದ್ದ. ಅರ್ಧ ಗಂಟೆಯ ಕೆಲಸ ತಪ್ಪಿಸಲು ಅರ್ಧ ದಿನ ದುಡಿದಿದ್ದ. ಥೂ! ಕಳ್ಳನನ್ನು ಕಂಡಿದ್ದೇನೆ, ಸೋಮಾರಿಯನ್ನು ಕಂಡಿದ್ದೇನೆ, ಇಂಥ ಹೇಸಿಗೆಯನ್ನು ಕಂಡಿರಲಿಲ್ಲ. ಅಲ್ಲೇ ಮಲಗಿ ಉಗುಳಿದೆ. ಅದು ನನ್ನ ಕೆನ್ನೆಯ ಮೇಲೇ ಬಿತ್ತು.

ಹೊರಗೆ ಬಂದು ಅವಳಿಗೆ ಬೆರಳು ತೋರಿಸಿದೆ. "ಬಿಚ್ಚಿದ್ಮೇಲೆ ಪಟ್ಟಿಗೆ ಬಣ್ಣ ಹೊಡ್ದಿರ್ತಾರೆ, ತುಕ್ಕು ಹಿಡೀಬಾರ್ದು ಅಂತ," ಅಂದಳು. ಆಗಲೂ! ಅವಳು ನನ್ನ ಮುಖ ನೋಡಿದಳು. ಆಮೇಲೆ ಇಸ್ತ್ರಿ ಬಟ್ಟೆಯಲ್ಲೇ ನೆಲಕ್ಕೆ ಮಲಗಿ, ಗಾಡಿಯ ಕೆಳಗೆ ಕೈ ಚಾಚಿ, ಒಂದೊಂದೇ ಬೋಲ್ಟನ್ನು ತಡವಿ ನೋಡಿದಳು. ಬಲಗಡೆ ಎರಡು. ಎದ್ದು ಆಚೆ ಬದಿಗೆ ಹೋಗಿ ಮತ್ತೆ ಮಲಗಿದಳು. ಎಡಗಡೆ ಎರಡು. ಎದ್ದು ಬಂದಾಗ ಅಳುತ್ತಿರಲಿಲ್ಲ.

ಆಸ್ಪತ್ರೆಗೆ ಹೋದೆವು. ಹಿಂಬಾಗಿಲು ತೆಗೆದರೆ ಲೋಳೆ ಬಂಪರಿನಿಂದ ಇಳಿಯುತ್ತಿತ್ತು. ಉಸ್ತುವಾರಿ ಹೆಂಗಸು ಮೇಲಿನ ಟ್ರೇ ಎತ್ತಿ ನೋಡಿದಳು, ಕೆಳಗಿನದನ್ನು ಮುಟ್ಟಲೂ ಇಲ್ಲ. "ಬೇಜಾರು ಮಾಡ್ಕೋಬೇಡಮ್ಮ," ಅಂದು ಬಾಗಿಲು ಹಾಕಿಕೊಂಡಳು. ಬಯ್ದಿದ್ದರೂ ಆಗುತ್ತಿತ್ತು.

ತಂಗಿ ಅಲ್ಲೇ ಗೋಡೆಗೆ ಒರಗಿ ಗಂಡನಿಗೆ ಫೋನ್ ಹಚ್ಚಿದಳು. ಪಕ್ಕದಲ್ಲೇ ಇದ್ದ ನನಗೆ ಅವನ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಆಸ್ಪತ್ರೆಯವರೂ ಬೇಡ ಅಂದ್ರು," ಅಂದಳು.

"ಅಯ್ಯೋ ಹೌದಾ? ಛೇ," ಅಂದ. ಆಮೇಲೆ ದನಿ ತಗ್ಗಿಸಿ, "ನಿಮ್ಮಣ್ಣ ಜೊತೆಗಿದಾರಾ? ಗಾಡಿ ಕೆಳಗೆ ಹೋಗ್ಲಿಲ್ಲ ತಾನೇ? ನಾಡಿದ್ದು ಫೈನಲ್ ಕಣೇ," ಅಂದ.

ನಾನು ಫೋನ್ ಕಿತ್ತುಕೊಳ್ಳಲು ಕೈ ಹಾಕಿದೆ. ಬಾಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿದ್ದವು, ಅವನ ವಂಶಕ್ಕಾಗಿ ಮಿಗುವಷ್ಟು. ಅವಳು ನನ್ನ ಕೈ ತಡೆದಳು.

"ಗಾಡಿ ಆಸ್ಪತ್ರೆಯ ಹಿಂದಿನ ಗೇಟಲ್ಲಿದೆ. ಕೀ ಅದರಲ್ಲೇ ಇದೆ. ಬಂದು ತಗೊಂಡ್ಹೋಗಿ," ಅಂದಳು.

"ಮತ್ತೆ ನೀನು ಮನೆಗೆ ಹೇಗೆ ಬರ್ತೀಯ?" ಅಂತ ಅವನು ಕೇಳಿದ. ಅವಳು ಫೋನ್ ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡು ನಡೆಯತೊಡಗಿದಳು, ನನ್ನ ಮನೆಯ ದಿಕ್ಕಿಗೆ.

ನಾನು ಹಿಂದೆಯೇ ಓಡಿದೆ. "ನನ್ನನ್ಯಾಕೆ ತಡೆದೆ? ಬಾಯ್ತುಂಬ ಉಗೀತಿದ್ದೆನಲ್ಲೇ ಆ ನೀಚನಿಗೆ!"

"ಬೈಯೋದು ನಮ್ಮೋರನ್ನ ಅಣ್ಣ," ಅಂದಳು ತಂಗಿ. "ಸುಮ್ನೆ ಬಾ."