ಒಂದೇ ಹಗ್ಗದ ಇಬ್ಬರು

ಕಳವಾರದ ರಾಮಾಂಜಿನಪ್ಪನ ಮಗ ಚಿರಂಜೀವಿ ಒಬ್ಬ ಮನುಷ್ಯನನ್ನು ಹಿಮ ಕಡಿಯುವ ಕೊಡಲಿಯಿಂದ ಕೊಂದಿದ್ದ. ಅದು ೨೦೦೨ರ ಚಳಿಗಾಲ, ಗಡಿಯ ಹಿಮದ ಠಾಣೆ. ಮಂಜು ಮುಸುಕಿದ್ದಾಗ ಶತ್ರುಗಳು ಮೇಲೇರಿ ಬಂದರು. ಚಳಿಗೆ ಬಂದೂಕು ಕೈಕೊಟ್ಟಿತು. ಮರಳಿನ ಮೂಟೆಗಳ ತಡೆ ದಾಟಿ ಬಂದು ಮೈಮೇಲೆ ಬಿದ್ದವನ ಕುತ್ತಿಗೆಗೆ ಚಿರಂಜೀವಿ ಕೊಡಲಿ ಇಳಿಸಿದ. ಬಿಸಿ ರಕ್ತ ಅವನ ಮುಖಕ್ಕೆ ಚಿಮ್ಮಿ ಅಲ್ಲೇ ಹೆಪ್ಪುಗಟ್ಟಿತು. ಸತ್ತವನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ.

ಪದಕ ಬಂದರೂ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಸೇನೆಯ ಪರ್ವತಾರೋಹಣ ತಂಡಕ್ಕೆ ಜನ ಬೇಕೆಂದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟ. ಅಲ್ಲಿ ಯಾರನ್ನೂ ಕೊಲ್ಲಬೇಕಾಗಿಲ್ಲ ಎಂದುಕೊಂಡಿದ್ದ. ತಂಡದಲ್ಲಿ ಜಂಗಮಕೋಟೆಯ ವೇಣು ಸಿಕ್ಕ. ರೇಷ್ಮೆ ಹುಳು ಸಾಕುವ ಮನೆಯವನು, ಮಾತಿಗೆ ಮುಂಚೆ ನಗುವವನು. ಇಬ್ಬರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಶಿಖರದ ಮೇಲೆ ಶಿಖರ ಹತ್ತಿದರು.

೨೦೦೭ರಲ್ಲಿ ಒಂದು ತುದಿ ಮುಟ್ಟಿ ಇಳಿಯುವಾಗ ವೇಣುವಿನ ಆಮ್ಲಜನಕ ಮುಗಿಯಿತು. ಸ್ವಲ್ಪ ಹೊತ್ತಿಗೆ ಅವನಿಗೆ ಬುದ್ಧಿ ನೆಟ್ಟಗಿರಲಿಲ್ಲ. ಚಿರಂಜೀವಿಯನ್ನೇ ಶತ್ರುವೆಂದು ಬೈದು ಕೊಡಲಿ ಬೀಸಿದ. ಏಟು ಜಾಕೆಟ್ ಸೀಳಿ ಹೆಗಲ ಮೂಳೆಗೆ ತಾಗಿತು. ವೇಣು ಮತ್ತೆ ಕೈ ಎತ್ತಿದ. ಅವನು ಜಾರಿದರೆ ಇಬ್ಬರೂ ಪ್ರಪಾತಕ್ಕೆ. ಚಿರಂಜೀವಿಯ ಕೊಡಲಿಯೂ ಮೇಲೆದ್ದಿತ್ತು. ಕೊನೆಯ ಗಳಿಗೆಯಲ್ಲಿ ಅದನ್ನು ತಿರುಗಿಸಿ ಹಿಡಿಕೆಯಿಂದ ವೇಣುವಿನ ದವಡೆಗೆ ಹೊಡೆದ. ಮೂಳೆ ಮುರಿದ ಸದ್ದು ಕೈಗೇ ತಿಳಿಯಿತು. ಬಿದ್ದವನನ್ನು ಹಗ್ಗದಲ್ಲಿ ಬಿಗಿದು, ರಕ್ತ ಸುರಿಸುತ್ತಲೇ ಎಳೆದುಕೊಂಡು ಶಿಬಿರಕ್ಕಿಳಿದ. ವೇಣು ಬದುಕಿದ. ಆದರೆ ಕೈಬೆರಳುಗಳೆಲ್ಲ ಹಿಮಕ್ಕೆ ಕೊಳೆತು, ಕತ್ತರಿಸಬೇಕಾಯಿತು.

ಗಾಯ ಮಾಗಿದ ಮೇಲೆ ಚಿರಂಜೀವಿ ಜಂಗಮಕೋಟೆಗೆ ಹೋದ. ವೇಣುವಿನ ತಾಯಿ ಅಕ್ಕಯ್ಯಮ್ಮ ಹುಳುಮನೆಯ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. "ನನ್ ಮಗನ ಮುಖ ಹಿಂಗ್ ಮಾಡ್ಬಿಟ್ಟು, ಈಗ ನೋಡಕ್ ಬಂದ್ಯೇನಪ್ಪ?" ಎಂದಳು.

ಅಷ್ಟರಲ್ಲಿ ವೇಣು ಒಳಗಿನಿಂದ ನುಗ್ಗಿ ಬಂದ. ಬೆಟ್ಟದ ಮೇಲೆ ನಡೆದದ್ದು ಅವನಿಗೆ ಒಂದೂ ನೆನಪಿರಲಿಲ್ಲ. ಹೊಡೆದವನು ಚಿರಂಜೀವಿ ಎಂದು ಯಾರೋ ಹೇಳಿದ್ದರು, ಅಷ್ಟೆ. ಮೊಂಡುಗೈಯಿಂದ ಎದೆಗೆ, ಮುಖಕ್ಕೆ ಗುದ್ದಿದ. ಹುಳು ಸಾಕುವ ತಟ್ಟೆಗಳು ಉರುಳಿ ಹುಳುಗಳು ಕಾಲಡಿ ಸಿಕ್ಕವು. ಮೂಗಿನಿಂದ ರಕ್ತ ಇಳಿದರೂ ಚಿರಂಜೀವಿ ಕೈ ಎತ್ತಲಿಲ್ಲ. ವೇಣು ಹಲ್ಲಿನಿಂದ ಕಚ್ಚಿ ಎಳೆದಾಗ ಅಂಗಿ ಹರಿಯಿತು.

ಹೆಗಲ ಗಾಯ ಕಂಡದ್ದೇ ಅಕ್ಕಯ್ಯಮ್ಮ ಮಗನನ್ನು ಹಿಂದಕ್ಕೆ ತಳ್ಳಿದಳು. ಏನಿದು ಎಂದು ಕೇಳಿದಳು. ಬಿದ್ದೆ ಎಂದ ಚಿರಂಜೀವಿ. ಬಿದ್ದದ್ದು ಯಾವುದು, ಕಡಿದದ್ದು ಯಾವುದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆ ಹಗ್ಗದಲ್ಲಿದ್ದವರು ಇಬ್ಬರೇ. ಅವಳು ಮಗನ ಕಡೆ ನೋಡಿದಳು.

ವೇಣು ಏದುಸಿರು ಬಿಡುತ್ತಾ ಕೇಳಿದ: "ನಾನಾ?"

"ನೀನಲ್ಲ ಕಣೋ. ಅಲ್ಲಿ ಉಸಿರಾಡಕ್ಕೆ ಗಾಳಿ ಇರ್ಲಿಲ್ಲ," ಎಂದ ಚಿರಂಜೀವಿ.

ವೇಣು ನೆಲದ ಮೇಲೆ ಕುಳಿತು, ಚೆಲ್ಲಿದ ಹುಳುಗಳತ್ತ ಬಾಗಿದ. ಆಮೇಲೆ ಮೂವರೂ ಸೇರಿ ಉಳಿದ ಹುಳುಗಳನ್ನು ತಟ್ಟೆಗೆ ಎತ್ತಿಹಾಕಿದರು. ವೇಣು ಅಂಗೈಗಳ ನಡುವೆ ಒಂದೊಂದನ್ನೇ ಹಿಡಿದು ಎತ್ತುತ್ತಿದ್ದ.

ಮರುವರ್ಷ ಚಿರಂಜೀವಿ ಸೇನೆ ಬಿಟ್ಟ. ಕಳವಾರದ ಬಂಡೆಗಳ ಮೇಲೆ ಹುಡುಗ ಹುಡುಗಿಯರಿಗೆ ಹತ್ತುವುದು ಕಲಿಸತೊಡಗಿದ. ಭಾನುವಾರಗಳಲ್ಲಿ ವೇಣು ಬಸ್ಸು ಹತ್ತಿ ಬಂದು ಕೆಳಗೆ ನಿಂತು, ಕಾಲು ಎಲ್ಲಿಡಬೇಕೆಂದು ಸೊಟ್ಟ ದವಡೆಯಿಂದ ಕೂಗಿ ಹೇಳುತ್ತಿದ್ದ.