ಕೆರೆಗೆ ನಲವತ್ತು ಮೂಟೆ

ವಿರೂಪಾಕ್ಷಿಪುರದಲ್ಲಿ ಬಸ್ಸಿಳಿದು ಕೆರೆ ಏರಿ ಹತ್ತುವ ಮೊದಲೇ ಸುಮನಾಳ ಮೂಗಿಗೆ ಘಾಟು ಬಡಿಯಿತು. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ. ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮಾರನೆಯ ದಿನ, ಮುಂದಿನ ಬೆಳೆಗೆಂದು ರೇಷ್ಮೆ ಹುಳುಮನೆ ತೊಳೆಯುವಾಗ ಏಳುತ್ತಿದ್ದ ಬ್ಲೀಚಿಂಗ್ ಪೌಡರಿನ ವಾಸನೆ. ಅದು ಕೆರೆಯ ಕಡೆಯಿಂದ ಯಾಕೆ ಬರಬೇಕು ಎಂಬುದು ಮಾತ್ರ ಹೊಳೆಯಲಿಲ್ಲ.

ಅವಳ ಚೀಲದಲ್ಲಿ ಆರು ಬಾಟಲಿಗಳಿದ್ದವು. ಇಪ್ಪತ್ತೆರಡು ತಿಂಗಳಿಂದ, ಪ್ರತಿ ತಿಂಗಳ ಮೊದಲ ಭಾನುವಾರ, ಈ ಕೆರೆಯ ಅವೇ ಆರು ಜಾಗಗಳ ನೀರನ್ನು ತುಂಬಿಕೊಂಡು ಹೋಗುತ್ತಿದ್ದಳು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌ಡಿಗೆಂದು ಹಿಡಿದ ಕೆಲಸ. ಇನ್ನೆರಡು ಸಲ ತುಂಬಿದರೆ ಎರಡು ವರ್ಷದ ಲೆಕ್ಕ ಪೂರ್ತಿಯಾಗುತ್ತಿತ್ತು.

ಏರಿಯ ಮೇಲೆ ಅವಳ ಅಪ್ಪ ಅಂಕಯ್ಯ, ಮೂಗಿಗೆ ಟವಲು ಕಟ್ಟಿಕೊಂಡು ಖಾಲಿ ಚೀಲಗಳನ್ನು ಮಡಚುತ್ತಿದ್ದ. ಬೇಸಿಗೆಗೆ ಇಳಿದು ಒಂದೂವರೆ ಎಕರೆಗೆ ಬಂದಿದ್ದ ನೀರಿನ ಅಂಚಿನಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಬಂದ್ಯಾ ಮಗ. ನಲವತ್ತು ಮೂಟೆ ಹಾಕ್ಬುಟ್ಟೊ. ಒಂದೂ ಉಳಿಯಾಕಿಲ್ಲ ಬುಡು."

"ಏನು ಉಳಿಯಲ್ಲ ಅಪ್ಪ?"

"ನೀನೇ ಯೋಳ್ದಲ್ಲ, ವೈರಸ್ಸು."

ಹೇಳಿದ್ದು ನಿಜ. ಚಳಿಗಾಲವೆಲ್ಲ ಗಿಣಿಹಸಿರು ಪಾಚಿ ಮುಚ್ಚಿಕೊಂಡಿದ್ದ ಕೆರೆ ಫೆಬ್ರವರಿಯಲ್ಲಿ ನಾಲ್ಕೇ ದಿನಕ್ಕೆ ತಿಳಿಯಾದಾಗ, ಯಾಕೆಂದು ಗ್ರಾಮಸಭೆಯಲ್ಲಿ ಕೇಳಿದ್ದರು. ಒಂದು ಚಮಚ ನೀರಿನಲ್ಲಿ ಐದು ಕೋಟಿ ವೈರಸ್ ಇವೆ ಎಂದಿದ್ದಳು. ಒಂದೇ ಜಾತಿಯ ಪಾಚಿ ಮಿತಿಮೀರಿ ಬೆಳೆದರೆ ಅದರದೇ ವೈರಸ್ಸೂ ಹೆಚ್ಚಿ, ಒಳಹೊಕ್ಕು ಅದನ್ನು ಒಡೆಯುತ್ತದೆ. ಒಡೆದು ಚೆಲ್ಲಿದ್ದನ್ನು ಉಳಿದ ಜೀವಿಗಳು ತಿಂದು ಬದುಕುತ್ತವೆ. ಕೆರೆ ಯಾವುದೋ ಒಂದೇ ಜೀವಿಯ ಪಾಲಾಗದಂತೆ ಕಾಯುವುದು ಇವೇ. ಹಿಂದಿನ ಸಾಲಿನಲ್ಲಿ ಕೂತವರೊಬ್ಬರು ಜನಕ್ಕೇನಾದರೂ ಆದೀತೇ ಎಂದು ಕೇಳಿದ್ದಕ್ಕೆ, ಮನುಷ್ಯರಿಗೆ, ದನಕರುಗಳಿಗೆ ಏನೂ ಆಗುವುದಿಲ್ಲ ಎಂದು ಹೇಳಿ ಕೂತಿದ್ದಳು. ಚಪ್ಪಾಳೆ ಬಿದ್ದಿತ್ತು.

"ಅದು ಪಾಚಿಗೆ ಬರೋ ವೈರಸ್ ಅಪ್ಪ. ನಮ್ಮ ರೇಷ್ಮೆ ಹುಳಕ್ಕೆ ಬರಲ್ಲ."

ಅಂಕಯ್ಯ ಟವಲು ಕೆಳಗೆಳೆದುಕೊಂಡ. "ಹುಳಕ್ಕೆ ಬರಾಕಿಲ್ಲ ಅಂತ ಅವತ್ತು ಯೋಳ್ಲಿಲ್ವಲ್ಲ ನೀನು."

ಸುಮನಾ ಬಾಟಲಿಯ ಚೀಲವನ್ನು ಏರಿಯ ಮೇಲೆ ಇಳಿಸಿದಳು.

"ಜನಕ್ಕಿಲ್ಲ, ದನಕ್ಕಿಲ್ಲ ಅಂದೆ. ಹುಳದ ಸುದ್ದಿ ಎತ್ಲೇ ಇಲ್ಲ. ಬೇಕಂತಲೇ ಬುಟ್ಟವ್ಳೆ, ಜನ ಗಾಬರಿ ಬೀಳ್ತಾರೆ ಅಂತ, ಅಂದ್ಕಂಡೊ. ಹಾಲುತೊಂಡೆ ರೋಗಕ್ಕೆ ನಾಕು ಬೆಳೆ ಕಳ್ಕಂಡವ್ನು ನಾನು. ಅದೂ ವೈರಸ್ಸು ಅಂತ ನೀನೇ ಪುಸ್ತಕ ತೋರ್ಸಿದ್ದೆ. ಈ ನೀರ್ನೇ ಅಲ್ವಾ ಹಿಪ್ನೇರ್ಳೆ ಸೊಪ್ಪಿಗೆ ಬುಡೋದು, ಗೋಣಿತಾಟು ನೆನ್ಸಿ ತಂಪಿಗೆ ಹುಳುಮನೆಗೆ ಕಟ್ಟೋದು?"

ಪಕ್ಕದ ತೋಟದ ದೊಡ್ಡಹನುಮಯ್ಯ ಕೈ ತೊಳೆಯುತ್ತ ನಕ್ಕ. "ಬಾಟ್ಲಿ ತಂದಿದ್ದೀಯಲ್ಲ ಮೇಡಮ್ಮು, ತುಂಬ್ಕೊ. ಈಗ ಫಿಲ್ಟರ್ ನೀರು ಕಣವ್ವ."

ಹಾಲುತೊಂಡೆ ಬಿದ್ದ ವರ್ಷ ಮನೆ ಹೇಗಿತ್ತೆಂದು ಅವಳಿಗೆ ನೆನಪಿತ್ತು. ಊದಿ, ಮುಟ್ಟಿದರೆ ಬಿಳಿ ರಸ ಒಡೆಯುವ ಹುಳುಗಳನ್ನು ಅವ್ವ ಮೊರದಲ್ಲಿ ತುಂಬಿ ಗುಂಡಿಗೆ ಸುರಿಯುತ್ತಿದ್ದಳು. ಆ ಮನೆಯಲ್ಲಿ ಬೆಳೆದವಳು ಆ ಸಭೆಯಲ್ಲಿ ಹುಳದ ಮಾತನ್ನೇ ಎತ್ತಲಿಲ್ಲ. ಯಾರಿಗೆ ವಿವರಿಸುತ್ತಿದ್ದೇನೆಂದು ಮರೆತುಬಿಟ್ಟಿದ್ದಳು. ಅಥವಾ ಚೆನ್ನಾಗಿ ಮಾತಾಡುವುದರಲ್ಲೇ ಮೈಮರೆತಿದ್ದಳು. ಎರಡರಲ್ಲಿ ಯಾವುದೆಂದು ಒರೆಗೆ ಹಚ್ಚಲು ಅವಳಿಗೆ ಧೈರ್ಯ ಬರಲಿಲ್ಲ.

ಆದರೂ ಆರು ಬಾಟಲಿ ತುಂಬಿಕೊಂಡಳು. ಪ್ರಯೋಗಾಲಯದಲ್ಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಹಿಂದೆಲ್ಲ ಎಣಿಸಿ ಸುಸ್ತಾಗುವಷ್ಟು ವೈರಸ್ಸಿನ ಹೊಳೆವ ಚುಕ್ಕೆಗಳಿದ್ದ ಕಡೆ ಬರಿಯ ಕತ್ತಲು. ಪಿಎಚ್‌ಡಿ ಗೈಡು ಎಣಿಕೆಯ ಕಾಗದ ನೋಡಿ, "ಇದನ್ನ ಕೆರೆ ಅಂತ ಬರೆಯೋಕಾಗಲ್ಲ ಸುಮನಾ. ಬೇರೆ ಕೆರೆ ಹಿಡಿ, ಮೊದಲಿಂದ ಶುರು ಮಾಡು," ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಕ್ಲೋರಿನ್ ಹಾರಿಹೋಯಿತು. ಸತ್ತ ಮೀನುಗಳೆಲ್ಲ ಕೊಳೆತು ಗೊಬ್ಬರವಾದವು. ಕೆಸರಿನಲ್ಲಿ ಅಡಗಿದ್ದ ಪಾಚಿ ಮೊದಲು ಎದ್ದಿತು, ಅದನ್ನು ಒಡೆಯುವವು ಏಳಲಿಲ್ಲ. ಐದನೆಯ ವಾರ ದೊಡ್ಡಹನುಮಯ್ಯನ ಫೋನು ಬಂತು.

"ಸುಮನವ್ವ, ಕೆರೆ ಹಸ್ರು ಬಣ್ಣ ಬಳ್ದಂಗಾಗೈತೆ. ನಾತ ತಡೆಯಾಕಾಗಾಕಿಲ್ಲ. ನಿನ್ ವೈರಸ್ಸು ವಾಪಸ್ ಬಂದೈತೆ."

"ವೈರಸ್ ಇಲ್ಲದ್ದಕ್ಕೇ ಹಂಗಾಗಿರೋದು ದೊಡ್ಡಪ್ಪ. ಇನ್ನು ಏನೂ ಹಾಕಬೇಡಿ. ಅಷ್ಟಕ್ಕೆ ಬಿಟ್ಟುಬಿಡಿ, ತಾನಾಗೇ ಬರ್ತಾವೆ."

"ಇದ್ರೆ ಕೆರೆ ಕಾಯ್ತದೆ ಅಂತೀಯ, ಇಲ್ದಿದ್ರೆ ಪಾಚಿ ಅಂತೀಯ, ಇನ್ನೂ ಬರ್ಲಿ ಅಂತೀಯ. ಓದ್ದೋರ ಮಾತೇ ಇಷ್ಟು. ತಗೊ, ನಿಮ್ಮಪ್ಪಂಗೆ ಕೊಡ್ತೀನಿ."

ಅಪ್ಪನ ಉಸಿರು ಕೇಳಿಸಿತು.

"ಹಾಕಬೇಡ ಅಪ್ಪ," ಎಂದಳು.

"ಹುಳ ಹಣ್ಣಾಗ್ತಾ ಅವೆ ಮಗ," ಎಂದ ಅಂಕಯ್ಯ, ತಪ್ಪೊಪ್ಪಿಕೊಳ್ಳುವವನಂತೆ. "ಇನ್ ನಾಕ್ ದಿನಕ್ಕೆ ಗೂಡು ಕಟ್ತವೆ. ಕಾಯಾಕಾಗಾಕಿಲ್ಲ. ಪೌಡ್ರು ಮೂಟೆ ಏರಿ ಮ್ಯಾಲೆ ಇಳ್ಸಿ ಆಯ್ತು."